ಇಂಗ್ಲಿಷ್ ಕುಂಬಾರರ ಕೈಯಲ್ಲಿ ಟಿಪ್ಪುವಿನ ಹುಲಿ

ಇಂಗ್ಲೆಂಡಿನ ಹಳೆಯ ಮಣ್ಣಿನ ಸಾಮಾನುಗಳ ಹರಾಜಿನಲ್ಲಿ ಅಪರೂಪಕ್ಕೊಮ್ಮೆ ಒಂದು ವಿಚಿತ್ರ ಗೊಂಬೆ ಕಾಣಿಸಿಕೊಳ್ಳುತ್ತದೆ. ಪಟ್ಟೆ ಬಳಿದ ಹುಲಿಯೊಂದು ನೆಲಕ್ಕುರುಳಿದ ಬಿಳಿಯ ಸಾಹೇಬನ ತಲೆಯನ್ನು ಬಾಯಲ್ಲಿ ಕಚ್ಚಿ ಹಿಡಿದಿದೆ. ಪೀಠದ ಮುಂಭಾಗದಲ್ಲಿ ದಪ್ಪಕ್ಷರದ ಬರಹವೊಂದಿದೆ: ‘ದಿ ಡೆತ್ ಆಫ್ ಮನ್ರೋ’, ಅಂದರೆ ಮನ್ರೋನ ಸಾವು. ಬರೆದವನಿಗೆ ಕಾಗುಣಿತ ಅಷ್ಟೇನೂ ಗೊತ್ತಿದ್ದಂತಿಲ್ಲ. ಮನ್ರೋ ಎಂಬ ಹೆಸರಿನ ಕೊನೆಗೆ ಬೇಡದ ಅಕ್ಷರವೊಂದು ಸೇರಿಕೊಂಡಿದೆ.

ಇದು ತಯಾರಾದದ್ದು 1820ರಿಂದ 1830ರ ಆಸುಪಾಸಿನಲ್ಲಿ, ಇಂಗ್ಲೆಂಡಿನ ನಡುಭಾಗದ ಸ್ಟಾಫರ್ಡ್‌ಶೈರ್ ಎಂಬ ಸೀಮೆಯಲ್ಲಿ. ಸಾಮಾನ್ಯರ ಮನೆಯ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಡಲೆಂದು ಮಾಡಿದ ಅಗ್ಗದ ಅಲಂಕಾರ ವಸ್ತು. ಇಂದು ಸ್ಟಾಫರ್ಡ್‌ಶೈರ್ ಗೊಂಬೆಗಳಲ್ಲೇ ಅತ್ಯಂತ ಅಪರೂಪದ ಸಾಲಿಗೆ ಸೇರಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಸಂಗ್ರಹದಲ್ಲಿ ಒಂದನ್ನು ಇಟ್ಟುಕೊಂಡಿದೆ.

ಕನ್ನಡಿಗರಿಗೆ ಈ ದೃಶ್ಯ ಎಲ್ಲೋ ಕಂಡಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹುಲಿಯ ಕೆಳಗೆ ಬಿದ್ದ ಬಿಳಿಯ ಸಿಪಾಯಿಯ ಈ ಚಿತ್ರ ಶಾಲೆಯ ಪಾಠಪುಸ್ತಕದಿಂದಲೇ ಪರಿಚಿತ. ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ ಟಿಪ್ಪು ಸುಲ್ತಾನನ ಮರದ ಹುಲಿಗೂ ಸ್ಟಾಫರ್ಡ್‌ಶೈರಿನ ಮಣ್ಣಿನ ಹುಲಿಗೂ ನಂಟಿದೆ.

ಮರದ ಹುಲಿ

ಟಿಪ್ಪುವಿನ ಹುಲಿ ಬರಿಯ ಗೊಂಬೆಯಲ್ಲ, ವಾದ್ಯಯಂತ್ರ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಅದರ ಉದ್ದ 178 ಸೆಂಟಿಮೀಟರ್, ಹೆಚ್ಚುಕಡಿಮೆ ಆರಡಿ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ಇದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಕೆಳಗೆ ಬಿದ್ದ ಮನುಷ್ಯನ ಕೈ ಮೇಲೆದ್ದು ಇಳಿಯುತ್ತದೆ. ಒಂದು ಕೊಳವೆಯಿಂದ ಅವನ ನರಳಾಟ, ಇನ್ನೊಂದರಿಂದ ಹುಲಿಯ ಗುರುಗುಟ್ಟುವಿಕೆ ಹೊರಡುತ್ತದೆ. 1790ರ ದಶಕದ ಆರಂಭದಲ್ಲಿ ಇದು ಸಿದ್ಧವಾಯಿತೆಂದು ಬಲ್ಲವರ ಅಂದಾಜು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಹತನಾದ. ಅರಮನೆಯ ಸಂಪತ್ತೆಲ್ಲ ಗೆದ್ದವರ ಪಾಲಾಯಿತು. ಮರದ ಹುಲಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. 1808ರಲ್ಲಿ ಲೀಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ನೋಡಲು ಬಂದವರು ಹಿಡಿ ತಿರುಗಿಸಿ ಗುರುಗುಟ್ಟಿಸಬಹುದಾಗಿತ್ತು. ಜನ ಮುಗಿಬಿದ್ದು ತಿರುಗಿಸಿದರು. ಅಲ್ಲೇ ಇದ್ದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಈ ಹುಲಿಯ ಆರ್ಭಟ ಎಷ್ಟು ತಲೆನೋವಾಯಿತೆಂದರೆ, ಅವರ ಗೊಣಗಾಟ ಪತ್ರಿಕೆಗೂ ಹತ್ತಿತು. ಈಗ ಆ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಸೂರು ಕುಸಿದು ಜಖಂಗೊಂಡಿದ್ದ ಅದನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ.

ಮನ್ರೋಗಳು ಒಬ್ಬರಲ್ಲ

ಗೊಂಬೆಯ ಪೀಠದಲ್ಲಿರುವ ಮನ್ರೋ ಯಾರು ಎಂದಾಗ ಕರಾವಳಿಯವರು ಸ್ವಲ್ಪ ಎಡವುವ ಸಾಧ್ಯತೆಯಿದೆ. ಟಿಪ್ಪುವಿನ ಪತನದ ಬಳಿಕ ಕೆನರಾ ಜಿಲ್ಲೆಗೆ ಕಲೆಕ್ಟರ್ ಆಗಿ ಬಂದು, ಕಂದಾಯ ಗೊತ್ತುಮಾಡಿ, 1800ರಲ್ಲಿ ಇಲ್ಲಿಂದ ಹೊರಟವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರ್ ಆದವನೂ ಅವನೇ. ಹುಲಿಯ ಬಾಯಿಗೆ ಬಿದ್ದವನು ಬೇರೆ.

ಹೈದರಾಲಿಯ ಕಾಲದಲ್ಲಿ ಸರ್ ಹೆಕ್ಟರ್ ಮನ್ರೋ ಎಂಬ ಬ್ರಿಟಿಷ್ ಸೇನಾಪತಿ ಇದ್ದ. 1764ರ ಬಕ್ಸರ್ ಯುದ್ಧ ಗೆದ್ದು ಹೆಸರಾದವನು. 1780ರಲ್ಲಿ ಪೊಳ್ಳಿಲೂರಿನ ಬಳಿ ಟಿಪ್ಪು ಮತ್ತು ಹೈದರಾಲಿ ಸೇರಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದಾಗ, ಹತ್ತಿರದಲ್ಲೇ ದಂಡಿನೊಂದಿಗಿದ್ದರೂ ಸಕಾಲಕ್ಕೆ ನೆರವಿಗೆ ಹೋಗಲಿಲ್ಲ ಎಂಬ ಅಪವಾದವೂ ಅವನ ತಲೆಗೆ ಬಂತು. ಮರುವರ್ಷ ಪೋರ್ಟೊ ನೋವೊದಲ್ಲಿ ಐರ್ ಕೂಟ್‌ನ ಕೈಕೆಳಗೆ ಹೈದರನ ಎದುರು ಕಾದಾಡಿದ.

ಈ ಸೇನಾಪತಿಯ ಹದಿಹರೆಯದ ಮಗ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪಕ್ಕೆ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗಿದ್ದ. ಊಟಕ್ಕೆ ಕುಳಿತಿದ್ದಾಗ ಪೊದೆಯಿಂದ ಹಾರಿದ ಹುಲಿ ಅವನ ತಲೆಗೇ ಬಾಯಿ ಹಾಕಿತು. ಜೊತೆಗಿದ್ದವರು ಗುಂಡು ಹೊಡೆದು ಬಿಡಿಸಿಕೊಂಡರೂ ಹುಡುಗ ಉಳಿಯಲಿಲ್ಲ. ಕಣ್ಣಾರೆ ಕಂಡವನೊಬ್ಬ ಬರೆದ ಪತ್ರ ಮರುವರ್ಷ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಗಿ ಮನೆಮಾತಾಯಿತು.

ಹುಲಿ ಟಿಪ್ಪುವಿನ ರಾಜಲಾಂಛನ. ಸಿಂಹಾಸನ, ಕತ್ತಿಯ ಹಿಡಿ, ಫಿರಂಗಿಯ ಬಾಯಿ, ಸಿಪಾಯಿಗಳ ಸಮವಸ್ತ್ರ, ಎಲ್ಲೆಲ್ಲೂ ಹುಲಿ ಅಥವಾ ಹುಲಿಪಟ್ಟೆ. ತನ್ನ ವೈರಿಯ ಮಗನನ್ನು ಹುಲಿಯೇ ಕೊಂದ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಟಿಪ್ಪು ಮರದ ಹುಲಿಯನ್ನು ಮಾಡಿಸಿದ ಎಂದು ಅನೇಕರು ಹೇಳುತ್ತಾರೆ. ಹಾಗೆಂದು ಸಾರುವ ದಾಖಲೆಯಿಲ್ಲ, ಕಾಲ ಮಾತ್ರ ಹೊಂದುತ್ತದೆ.

ಟಿಪ್ಪುವಿನ ರಾಜ್ಯ ಎಂದರೆ ಮೈಸೂರು ಬಯಲುಸೀಮೆಯಷ್ಟೇ ಅಲ್ಲ. 1783ರಲ್ಲಿ ಮಂಗಳೂರು ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದವನು ಅವನೇ. ಆ ಯುದ್ಧ ಮುಗಿದದ್ದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ. ಬೆಳ್ತಂಗಡಿಯಿಂದ ಕಾಣುವ ಗಡಾಯಿಕಲ್ಲಿನ ನೆತ್ತಿಯಲ್ಲಿ 1794ರಲ್ಲಿ ಕೋಟೆ ಕಟ್ಟಿಸಿ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಮರದ ಹುಲಿ ಶ್ರೀರಂಗಪಟ್ಟಣದಲ್ಲಿ ಗುರುಗುಟ್ಟುತ್ತಿದ್ದ ವರ್ಷಗಳಲ್ಲೇ ಜಮಾಲಾಬಾದಿನ ಗೋಡೆ ಮೇಲೇಳುತ್ತಿತ್ತು.

ಲಂಡನ್ನಿನಿಂದ ಬರ್ಸ್‌ಲೆಮ್‌ಗೆ

ಸ್ಟಾಫರ್ಡ್‌ಶೈರಿನ ಆರು ಊರುಗಳು ಕುಂಬಾರಿಕೆಗೇ ಹೆಸರಾದವು: ಬರ್ಸ್‌ಲೆಮ್, ಹ್ಯಾನ್ಲಿ, ಟನ್‌ಸ್ಟಾಲ್, ಲಾಂಗ್ಟನ್, ಫೆಂಟನ್, ಸ್ಟೋಕ್. 1910ರಲ್ಲಿ ಆರೂ ಒಂದಾಗಿ ಸ್ಟೋಕ್-ಆನ್-ಟ್ರೆಂಟ್ ಆಯಿತು. ಇಲ್ಲಿ ನೆಲ ಅಗೆದರೆ ಜೇಡಿಮಣ್ಣು, ಇನ್ನಷ್ಟು ಅಗೆದರೆ ಕಲ್ಲಿದ್ದಲು. ಒಂದು ಗೂಡು ಬೇಯಿಸಲು ಮಣ್ಣಿಗಿಂತ ಎಷ್ಟೋ ಪಾಲು ಹೆಚ್ಚು ಕಲ್ಲಿದ್ದಲು ಬೇಕಾದ್ದರಿಂದ ಕಲ್ಲಿದ್ದಲು ಇದ್ದಲ್ಲಿಗೇ ಕುಂಬಾರಿಕೆ ಅಂಟಿಕೊಂಡಿತು. ಸ್ಥಳೀಯ ಮಣ್ಣು ಸುಟ್ಟರೆ ಕೆಂಪಾಗುತ್ತಿತ್ತು. ಬಿಳಿಯ ಪಾತ್ರೆಗೆ ಡೆವನ್, ಕಾರ್ನ್‌ವಾಲ್ ಸೀಮೆಗಳ ಬಿಳಿಮಣ್ಣು ತರಿಸಬೇಕಿತ್ತು, ಚಕಮಕಿ ಕಲ್ಲನ್ನು ಸುಟ್ಟು ಪುಡಿಮಾಡಿ ಬೆರೆಸಬೇಕಿತ್ತು. ಇವನ್ನೆಲ್ಲ ಕತ್ತೆಯ ಮೇಲೆ ಹೇರಿಕೊಂಡು ಬಂದು ಪೂರೈಸೀತೇ? 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಯ ಕೆಲಸ ಶುರುವಾಯಿತು. ಗುದ್ದಲಿಪೂಜೆ ಮಾಡಿದವನು ಬರ್ಸ್‌ಲೆಮ್‌ನ ಕುಂಬಾರರ ಮನೆತನದ ಜೋಸಯ ವೆಜ್‌ವುಡ್. 1777ರಲ್ಲಿ ಕಾಲುವೆ ಪೂರ್ಣವಾದ ಬಳಿಕ ಮಣ್ಣು ದೋಣಿಯಲ್ಲಿ ಬಂತು, ಪಾತ್ರೆ ದೋಣಿಯಲ್ಲೇ ಹೊರಟಿತು.

ದಕ್ಷಿಣ ಕನ್ನಡದವರಿಗೆ ಈ ಲೆಕ್ಕಾಚಾರ ಸುಲಭವಾಗಿ ಅರ್ಥವಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದೂ ನೇತ್ರಾವತಿ, ಗುರುಪುರ ಹೊಳೆದಂಡೆಗಳ ಆವೆಮಣ್ಣು ಮತ್ತು ದೋಣಿ ಸಾಗಾಟವನ್ನು ನಂಬಿಕೊಂಡೇ. ಇಲ್ಲಿ ಗೂಡಿಗೆ ಘಟ್ಟದ ಬದಿಯ ಕಟ್ಟಿಗೆ ಬಂತು, ಅಲ್ಲಿ ಕಲ್ಲಿದ್ದಲು. ಮೂರೇ ವರ್ಷಗಳಲ್ಲಿ, 1868ಕ್ಕೆ, ಅಲ್ಬುಕರ್ಕ್ ಕಂಪನಿಯೂ ಹೆಂಚಿಗೆ ಇಳಿಯಿತು. ಮಣ್ಣು, ಉರುವಲು, ನೀರಿನ ದಾರಿ ಮೂರೂ ಕೂಡಿದಲ್ಲಿ ಒಬ್ಬನ ಹಿಂದೆ ಇನ್ನೊಬ್ಬ ಗೂಡು ಹಾಕುತ್ತಾನೆ.

ಸ್ಟಾಫರ್ಡ್‌ಶೈರಿನಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳ ಸಂದಿಗೊಂದಿಗಳಲ್ಲೇ ಸಣ್ಣಪುಟ್ಟ ಗೊಂಬೆ ತಯಾರಕರೂ ಇದ್ದರು. ಬರ್ಸ್‌ಲೆಮ್‌ನ ಒಬಡಯ ಶೆರಾಟ್ ಅಂಥವನು. ‘ಮನ್ರೋನ ಸಾವು’ ಅವನ ಕೈಕೆಲಸವೆಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಮೇಜಿನಂತೆ ಕಾಲುಗಳಿರುವ ಪೀಠ ಅವನ ಶೈಲಿಯೆಂದು ಗುರುತಿಸುವುದೂ ಉಂಟು. ಆದರೆ ಗೊಂಬೆಯಲ್ಲಿ ತಯಾರಕನ ಮುದ್ರೆಯಿಲ್ಲ. ಇಂಥ ಗೊಂಬೆಗಳಿಗೆ ಮುದ್ರೆ ಒತ್ತುವ ರೂಢಿಯೇ ಕಡಿಮೆ. ಹಾಗಾಗಿ ಎಚ್ಚರಿಕೆಯ ಕ್ಯಾಟಲಾಗ್‌ಗಳು ‘ಶೆರಾಟ್ ಮಾದರಿ’ ಎನ್ನುವಷ್ಟಕ್ಕೇ ನಿಲ್ಲುತ್ತವೆ.

ತಯಾರಿಕೆಯ ಕ್ರಮ ಹೀಗಿತ್ತು: ಮೊದಲು ಮೂಲ ಆಕೃತಿಯನ್ನು ಮಣ್ಣಿನಲ್ಲಿ ಮಾಡಿ, ಅದರ ಮೇಲೆ ಪ್ಲಾಸ್ಟರ್ ಸುರಿದು ತುಂಡು ತುಂಡಾಗಿ ಅಚ್ಚು ತೆಗೆಯುತ್ತಿದ್ದರು. ಹದಮಾಡಿದ ಮಣ್ಣನ್ನು ರೊಟ್ಟಿಯಂತೆ ತಟ್ಟಿ ಅಚ್ಚಿನೊಳಗೆ ಬೆರಳಿನಿಂದ ಒತ್ತಿ, ಭಾಗಗಳನ್ನು ನೀರುಮಣ್ಣಿನಿಂದ ಅಂಟಿಸುತ್ತಿದ್ದರು. ಒಮ್ಮೆ ಸುಟ್ಟು, ಗಾಜಿನ ಲೇಪದಲ್ಲಿ ಅದ್ದಿ ಮತ್ತೆ ಸುಟ್ಟು, ಮೇಲೆ ಬಣ್ಣ ಬಳಿದು ಮತ್ತೊಮ್ಮೆ ಹದವಾಗಿ ಸುಟ್ಟರೆ ಗೊಂಬೆ ಸಿದ್ಧ. ಅಚ್ಚು ಹೊತ್ತು ಓಡಾಡಲು, ಬಣ್ಣ ಬಳಿಯಲು ಮಕ್ಕಳನ್ನೂ ಬಳಸಿಕೊಳ್ಳುತ್ತಿದ್ದರು. 1841ರಲ್ಲಿ ಸ್ಯಾಮ್ಯುಯೆಲ್ ಸ್ಕ್ರೈವನ್ ಎಂಬ ಸರಕಾರಿ ವಿಚಾರಣಾಧಿಕಾರಿ ಈ ಊರುಗಳಲ್ಲಿ ತಿರುಗಾಡಿ, ಬಿಸಿಗೂಡಿಗೂ ಚಳಿಗಾಳಿಗೂ ನಡುವೆ ದಿನವಿಡೀ ಓಡುವ ಹುಡುಗರ, ಸೀಸ ಬೆರೆತ ಲೇಪದಲ್ಲಿ ಕೈಯದ್ದಿ ಕಾಯಿಲೆ ಬೀಳುವ ಕೆಲಸಗಾರರ ಸ್ಥಿತಿಯನ್ನು ವರದಿ ಮಾಡಿದ.

ಈ ಕುಂಬಾರರಲ್ಲಿ ಯಾರೂ ಬಂಗಾಳಕ್ಕೆ ಬಂದವರಲ್ಲ, ಶ್ರೀರಂಗಪಟ್ಟಣ ಕಂಡವರಲ್ಲ. ಲಂಡನ್ನಿನಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದ ಹುಲಿ, ಊರೂರು ಸುತ್ತುವ ಮೃಗಪ್ರದರ್ಶನಗಳು, ಪತ್ರಿಕೆಯ ಸುದ್ದಿ ಇಷ್ಟೇ ಅವರ ಬಂಡವಾಳ. ಭಯಾನಕ ಸಾವು ಚೆನ್ನಾಗಿ ಮಾರಾಟವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1850ರಲ್ಲಿ ವೊಂಬ್‌ವೆಲ್ ಮೃಗಪ್ರದರ್ಶನದ ‘ಸಿಂಹದ ರಾಣಿ’ ಎಲೆನ್ ಬ್ರೈಟ್ ಎಂಬ ಹದಿನೇಳರ ಹುಡುಗಿಯನ್ನು ಹುಲಿ ಕೊಂದಾಗ ಅದಕ್ಕೂ ಗೊಂಬೆ ಬಂತು. ಶ್ರೀರಂಗಪಟ್ಟಣದಲ್ಲಿ ವೈರಿಯ ಸೋಲನ್ನು ಕಂಡು ಹಿಗ್ಗಲೆಂದು ಮಾಡಿದ ಆಕೃತಿ ಇಂಗ್ಲಿಷ್ ಮನೆಗಳಲ್ಲಿ ಮೈ ನಡುಗಿಸುವ ಕತೆಯಾಗಿ ಹಲಗೆ ಏರಿತು. ಸುಲ್ತಾನನ ಹೆಸರು ಪೀಠದಿಂದ ಬಿಟ್ಟುಹೋಯಿತು. ಈಗ ಮ್ಯೂಸಿಯಂಗಳು ಈ ಗೊಂಬೆಯನ್ನು ವಿವರಿಸುವಾಗ ಮನ್ರೋಗಿಂತ ಹೆಚ್ಚಾಗಿ ಟಿಪ್ಪುವನ್ನೇ ನೆನೆಯಬೇಕಾಗಿ ಬಂದಿದೆ.

ಊಟದ ತಟ್ಟೆಯ ಮೇಲಿನ ಬೇಟೆ

ಬಡವರ ಮನೆಗೆ ಗೊಂಬೆಯಾದರೆ ಸಿರಿವಂತರ ಊಟದ ಮೇಜಿಗೆ ನೀಲಿ ತಟ್ಟೆ. ಅಲ್ಲೂ ಭಾರತದ ಹುಲಿ, ಆನೆ, ಕರಡಿ ಇದ್ದವು. ಬಂಗಾಳದ ಸೇನೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಭಾರತದ ಬೇಟೆಗಳ ಬಗ್ಗೆ ಬರೆದ, ಸ್ಯಾಮ್ಯುಯೆಲ್ ಹೊವಿಟ್ ಚಿತ್ರ ಬರೆದ ದೊಡ್ಡ ಪುಸ್ತಕ 1807ರ ಹೊತ್ತಿಗೆ ಲಂಡನ್ನಿನಲ್ಲಿ ಹೊರಬಂತು. ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆ ಅದರ ಚಿತ್ರಗಳನ್ನೆತ್ತಿ 1815ರ ಬಳಿಕ ಊಟದ ಸೆಟ್ಟನ್ನೇ ಹೊರತಂದಿತು. ಒಂದೊಂದು ಗಾತ್ರದ ತಟ್ಟೆಗೂ ಬೋಗುಣಿಗೂ ಬೇರೆ ಬೇರೆ ಬೇಟೆ. ಊಟದ ದೊಡ್ಡ ತಟ್ಟೆಯ ಮೇಲೆ ಕರಡಿಯ ಸಾವು. ಸಂಗ್ರಾಹಕರು ಇದನ್ನು ‘ಇಂಡಿಯನ್ ಸ್ಪೋರ್ಟಿಂಗ್’ ಸರಣಿ ಎನ್ನುತ್ತಾರೆ.

ಈ ಚಿತ್ರಗಳನ್ನು ಕೈಯಿಂದ ಬರೆಯುತ್ತಿರಲಿಲ್ಲ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಕೋಬಾಲ್ಟ್ ನೀಲಿ ಬೆರೆಸಿದ ಎಣ್ಣೆಮಸಿ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಮಸಿ ಆರುವ ಮುನ್ನ ಕಾಗದವನ್ನು ಒಮ್ಮೆ ಸುಟ್ಟ ತಟ್ಟೆಗೆ ಒತ್ತಿ ಉಜ್ಜಿ, ನೀರಿನಲ್ಲಿ ತೊಳೆದರೆ ಕಾಗದ ಹೋಗಿ ಚಿತ್ರ ಉಳಿಯುತ್ತಿತ್ತು. ಅದರ ಮೇಲೆ ಲೇಪ ಬಂದು ಮತ್ತೆ ಗೂಡಿಗೆ ಹೋದರೆ ಎಷ್ಟು ತಿಕ್ಕಿದರೂ ಚಿತ್ರ ಅಳಿಯದು. ಹಳೆಯ ತಟ್ಟೆಯನ್ನು ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಕಾಗದದ ಎರಡು ತುದಿ ಕೂಡಿದ ಜಾಗದಲ್ಲಿ ಬಳ್ಳಿ ಒಂದಕ್ಕೊಂದು ಹೊಂದದೆ ತುಂಡಾಗಿರುತ್ತದೆ. ಯಂತ್ರದಲ್ಲಿ ಮಾಡಿದ ಹೊಸ ನಕಲುಗಳಲ್ಲಿ ಈ ದೋಷ ಸಿಗುವುದು ಕಷ್ಟ.

ಸ್ಪೋಡ್ ಕಾರ್ಖಾನೆಯದೇ ಇನ್ನೊಂದು ದೊಡ್ಡ ಕೊಡುಗೆ ಬೋನ್ ಚೈನಾ. ಸುಟ್ಟ ಮೂಳೆಯ ಬೂದಿ ಅರ್ಧ, ಕಾರ್ನ್‌ವಾಲಿನ ಬಿಳಿಮಣ್ಣು ಕಾಲು, ಅಲ್ಲಿನದೇ ಒಂದು ಬಗೆಯ ಕಲ್ಲಿನ ಪುಡಿ ಕಾಲು ಬೆರೆಸಿ ಸುಟ್ಟರೆ, ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಕಾಣುವಷ್ಟು ನಯವಾದ ಪಿಂಗಾಣಿ. ಹಳೆಯ ಮನೆಗಳಲ್ಲಿ ದೊಡ್ಡ ನೆಂಟರಿಗೆಂದೇ ಎತ್ತಿಟ್ಟ ಚಹದ ಕಪ್ಪುಗಳಲ್ಲಿ ಈ ಜಾತಿಯವೂ ಇರುತ್ತವೆ.

ಸುತ್ತಿಗೆ ಬೀಳುವ ಮುನ್ನ

ತೋಡಾರು, ಮಿಜಾರಿನಿಂದ ಹಿಡಿದು ಬಂಟ್ವಾಳ, ಬೆಳ್ತಂಗಡಿಯವರೆಗೆ ಏಲಂ ಅಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಣೇಶೋತ್ಸವ ಮುಗಿಯುವ ಹೊತ್ತಿಗೆ ಹರಕೆಯ ಬಾಳೆಗೊನೆ, ಸೀಯಾಳ ಏಲಂ ಆಗುತ್ತವೆ. ಇಗರ್ಜಿಯ ಹಬ್ಬದಲ್ಲಿ ಭಕ್ತರು ತಂದ ಕುಂಬಳಕಾಯಿ, ಕೋಳಿ ಏಲಂ ಆಗುತ್ತವೆ. ದಕ್ಕೆಯಲ್ಲಿ ದಿನಾ ಬೆಳಗ್ಗೆ ಮೀನಿನ ಏಲಂ. ದೇವರ ಏಲಂನಲ್ಲಿ ಒಂದು ಸೀಯಾಳ ಸಾವಿರ ರೂಪಾಯಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಕೂಗಿದವನು ಕೊಡುತ್ತಿರುವುದು ಸೀಯಾಳದ ಬೆಲೆಯನ್ನಲ್ಲವೆಂದು ಎಲ್ಲರಿಗೂ ಗೊತ್ತು.

ಲಂಡನ್ನಿನ ಹರಾಜು ಮನೆಯಲ್ಲೂ ಬೆಲೆ ಕಟ್ಟುವುದು ಮಣ್ಣಿಗಲ್ಲ, ಆದರೆ ಅಲ್ಲಿ ಲೆಕ್ಕಾಚಾರ ಬಿಗಿ. ಮಾರುವವನು ವಸ್ತು ತಂದಾಗ ತಜ್ಞರು ನೋಡಿ ಇಷ್ಟರಿಂದ ಇಷ್ಟು ಬರಬಹುದೆಂದು ಅಂದಾಜು ಬೆಲೆ ಹಾಕುತ್ತಾರೆ. ಇದು ಕ್ಯಾಟಲಾಗಿನಲ್ಲಿ ಅಚ್ಚಾಗುತ್ತದೆ. ಇದಕ್ಕಿಂತ ಕೆಳಗೆ ಕೊಡಲಾರೆ ಎಂಬ ಗುಟ್ಟಿನ ಮಿತಿಯೊಂದು ಮಾರುವವನಿಗೂ ಹರಾಜು ಮನೆಗೂ ಮಾತ್ರ ಗೊತ್ತಿರುತ್ತದೆ. ಸಾಮಾನ್ಯವಾಗಿ ಅದು ಅಂದಾಜಿನ ಕೆಳಗಿನ ಅಂಕಿಯನ್ನು ಮೀರುವುದಿಲ್ಲ. ಕೂಗು ಅಲ್ಲಿಗೆ ಮುಟ್ಟದಿದ್ದರೆ ವಸ್ತು ಮಾರಾಟವಾಗದೆ ವಾಪಸು. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯೂ ಅಲ್ಲ. ಕೊಂಡವನು ಅದರ ಮೇಲೆ ಹರಾಜು ಮನೆಯ ಪಾಲನ್ನು ಕೊಡಬೇಕು. ದೊಡ್ಡ ಸಂಸ್ಥೆಗಳಲ್ಲಿ ಅದು ಸುಮಾರು ಕಾಲುಭಾಗ, ಅದಕ್ಕೆ ತೆರಿಗೆ ಬೇರೆ. ಸಾವಿರ ಪೌಂಡಿಗೆ ಕೂಗಿ ಗೆದ್ದವನು ಮನೆಗೆ ಒಯ್ಯುವಾಗ ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ತೆತ್ತಿರುತ್ತಾನೆ.

ಬೆಲೆಯನ್ನು ಏರಿಸುವುದು ಮೂರು ಸಂಗತಿ. ಒಂದು, ಅಂಥವು ಎಷ್ಟು ಉಳಿದಿವೆ ಎಂಬುದು. ಎರಡು, ಸ್ಥಿತಿ: ಒಡೆದು ಅಂಟಿಸಿದ್ದೇ, ಬಾಲ ಹೊಸತೇ, ಬಣ್ಣ ಮತ್ತೆ ಬಳಿದದ್ದೇ. ನೇರಳಾತೀತ ದೀಪದ ಕೆಳಗಿಟ್ಟರೆ ಹೊಸ ಬಣ್ಣ, ಅಂಟು ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತವೆ. ಮೂರು, ವಸ್ತು ಯಾರ ಯಾರ ಕೈ ದಾಟಿ ಬಂತು ಎಂಬ ವಂಶಾವಳಿ. ಹೆಸರಾಂತ ಸಂಗ್ರಾಹಕರ ಕಪಾಟಿನಲ್ಲಿದ್ದ ಗೊಂಬೆಗೆ ಅದೇ ಅಚ್ಚಿನ ಇನ್ನೊಂದಕ್ಕಿಂತ ಹೆಚ್ಚು ಕೂಗು.

ನಕಲುಗಳೂ ಧಾರಾಳ. ಸ್ಟಾಫರ್ಡ್‌ಶೈರ್ ನಾಯಿಗಳ ಜೋಡಿಯನ್ನಂತೂ ಇಂದಿಗೂ ಮಾಡುತ್ತಾರೆ. ಹಳೆಯವು ಕೈಯಲ್ಲಿ ಒತ್ತಿ ಮಾಡಿದವಾದ್ದರಿಂದ ಗೋಡೆಯ ದಪ್ಪ ಒಂದೇ ಸಮ ಇರುವುದಿಲ್ಲ, ಗಾತ್ರಕ್ಕೆ ತಕ್ಕ ತೂಕವಿರುತ್ತದೆ. ಒಲೆಯಲ್ಲಿ ಗಾಳಿ ಹೋಗಲು ಬಿಟ್ಟ ತೂತು ಸಣ್ಣದು. ಹೊಸವು ನೀರುಮಣ್ಣನ್ನು ಅಚ್ಚಿಗೆ ಸುರಿದು ಮಾಡಿದವು: ಹಗುರ, ಒಳಮೈ ನುಣುಪು, ತಳದ ತೂತು ಬೆರಳು ಹೋಗುವಷ್ಟು. ಹಳೆಯ ಗಾಜುಲೇಪದಲ್ಲಿ ಕೂದಲೆಳೆಯ ಬಿರುಕು ಅಲ್ಲಲ್ಲಿ ಮಾತ್ರ ಕಾಣುತ್ತದೆ. ಬೇಕೆಂದೇ ಮಾಡಿದ ಬಿರುಕು ಮೈತುಂಬ ಒಂದೇ ಸಮ ಹರಡಿ, ಚಹದ ಕಂದು ಬಣ್ಣ ಹಿಡಿದಿರುತ್ತದೆ.

ಎಲ್ಲ ಹಳೆಯದಕ್ಕೂ ಚಿನ್ನದ ಬೆಲೆ ಎಂದುಕೊಳ್ಳುವುದು ತಪ್ಪು. ವಿಕ್ಟೋರಿಯಾ ಕಾಲದ ಸಾಧಾರಣ ಗೊಂಬೆ, ನಾಯಿ, ನೀಲಿ ತಟ್ಟೆಗಳ ಬೆಲೆ ಕಳೆದ ಎರಡು ದಶಕಗಳಲ್ಲಿ ಇಳಿದಿದೆ. ಚಿಕ್ಕ ಮನೆಗಳಲ್ಲಿ ಬಾಳುವ ಇಂದಿನ ತಲೆಮಾರಿಗೆ ಅಜ್ಜಿಯ ಶೋಕೇಸು ಬೇಡವಾಗಿದೆ. ಕತೆಯಿರುವ, ಕೈಬೆರಳೆಣಿಕೆಯ ವಸ್ತುಗಳಿಗೆ ಮಾತ್ರ ಬೇಡಿಕೆ ಬಿಗಿಯಾಗಿ ನಿಂತಿದೆ.

ಸುಲ್ತಾನನ ಸ್ವಂತ ವಸ್ತುಗಳ ಲೆಕ್ಕವೇ ಬೇರೆ. ಟಿಪ್ಪುವಿನ ಸಿಂಹಾಸನದಲ್ಲಿದ್ದ ರತ್ನಖಚಿತ ಚಿನ್ನದ ಪುಟ್ಟ ಹುಲಿತಲೆಯೊಂದು 2009ರಲ್ಲಿ ಬಾನಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯಿತು. 2023ರ ಮೇ 23ರಂದು ಅದೇ ಸಂಸ್ಥೆ ಅವನ ಮಲಗುವ ಕೋಣೆಯ ಕತ್ತಿಯನ್ನು ಹರಾಜಿಗಿಟ್ಟಾಗ ಅಂದಾಜು ಇದ್ದದ್ದು 15ರಿಂದ 20 ಲಕ್ಷ ಪೌಂಡ್. ಕೂಗು ನಿಂತಾಗ ಎಲ್ಲ ಸೇರಿ 1,40,80,900 ಪೌಂಡ್, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಬಂಟ್ವಾಳ ಮೂಲದ ಮನೆತನದ ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆನ್ನಲಾದ ಇನ್ನೊಂದು ಕತ್ತಿಯನ್ನು ಸುಮಾರು ಒಂದೂಮುಕ್ಕಾಲು ಲಕ್ಷ ಪೌಂಡ್ ಕೊಟ್ಟು ಕೊಂಡದ್ದು ಬಳಿಕ ದೇಶದ ತುಂಬ ಸುದ್ದಿಯಾಗಿತ್ತು.

ಕಪಾಟಿನಲ್ಲಿರುವ ತಟ್ಟೆಯನ್ನು ಮಗುಚಿದರೆ

ಕರಾವಳಿಯ ಹಳೆಯ ಗುತ್ತಿನ ಮನೆ, ಬಂಗ್ಲೆಗಳಲ್ಲಿ, ಮುಂಬಯಿ, ರಂಗೂನು, ಕೊಲಂಬೊ ಕಂಡು ಬಂದವರ ಮನೆಗಳಲ್ಲಿ ಇಂಗ್ಲೆಂಡಿನ ತಟ್ಟೆ, ಬೋಗುಣಿ, ಚಹದ ಕಪ್ಪು ಸಿಗುವುದು ಹೊಸತಲ್ಲ. ಹ್ಯಾನ್ಲಿಯ ಜೆ. ಅಂಡ್ ಜಿ. ಮೀಕಿನ್‌ನಂಥ ಕಾರ್ಖಾನೆಗಳು ಹೊರದೇಶಗಳಿಗೆಂದೇ ಗಟ್ಟಿ ಬಿಳಿ ತಟ್ಟೆಗಳನ್ನು ಹಡಗುಗಟ್ಟಲೆ ಕಳಿಸುತ್ತಿದ್ದವು. ಅವುಗಳ ವಯಸ್ಸು ತಿಳಿಯಲು ತಜ್ಞರೇ ಬೇಕೆಂದಿಲ್ಲ, ತಟ್ಟೆ ಮಗುಚಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ತಳದಲ್ಲಿ ವಜ್ರಾಕಾರದ ಚೌಕದೊಳಗೆ ಅಕ್ಷರ, ಅಂಕಿಗಳಿದ್ದರೆ ಆ ವಿನ್ಯಾಸ 1842 ಮತ್ತು 1883ರ ನಡುವೆ ನೋಂದಣಿಯಾದದ್ದು. 1884ರಿಂದ ವಜ್ರ ಹೋಗಿ ಬರಿಯ ನೋಂದಣಿ ಸಂಖ್ಯೆ ಬಂತು. ‘ಇಂಗ್ಲೆಂಡ್’ ಎಂಬ ಪದವಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಅಮೆರಿಕ ಆ ವರ್ಷ ತನ್ನ ಹೊಸ ಸುಂಕದ ಕಾಯಿದೆಯಡಿ, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಕಡ್ಡಾಯ ಮಾಡಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದಿದ್ದರೆ ಅದು ಇಪ್ಪತ್ತನೇ ಶತಮಾನದ್ದು. ಕಂಪನಿಯ ಹೆಸರಿನ ಜೊತೆ ‘ಲಿಮಿಟೆಡ್’ ಇದ್ದರೆ 1860ಕ್ಕಿಂತ ಹಳೆಯದಾಗಿರುವುದು ದುರ್ಲಭ.

ಇಂಥ ತಟ್ಟೆಯಲ್ಲಿ ಉಪ್ಪಿನಕಾಯಿ, ಮಜ್ಜಿಗೆ, ಹುಣಸೆಹುಳಿಯ ಸಾರು ಇಡಬಾರದು. ಹಳೆಯ ಲೇಪದಲ್ಲಿ ಸೀಸವಿರುತ್ತದೆ, ಹುಳಿ ತಗಲಿದರೆ ಅದು ಆಹಾರಕ್ಕಿಳಿಯಬಹುದು. ಬಿರುಕು ಬಿಟ್ಟ ತಟ್ಟೆಯಾದರೆ ಅಪಾಯ ಇನ್ನೂ ಹೆಚ್ಚು.

ಮಾರುವ ಯೋಚನೆ ಬಂದರೆ ಕಾನೂನನ್ನೂ ನೋಡಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾವಸ್ತು, ಕರಕುಶಲ ವಸ್ತುಗಳು ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಬರುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ದೇಶದೊಳಗೆ ಅವುಗಳ ವ್ಯಾಪಾರ ಮಾಡುವವರಿಗೂ ಪರವಾನಗಿ ಬೇಕು. ಬರ್ಸ್‌ಲೆಮ್‌ನಲ್ಲಿ ಹುಟ್ಟಿದ ತಟ್ಟೆ ಲಂಡನ್ನಿನ ಹರಾಜಿಗೆ ಸೇರಬೇಕಾದರೂ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಹರಾಜಿನ ಸುತ್ತಿಗೆ ಇಡೀ ಸಂಗ್ರಹವನ್ನೇ ಚದರಿಸಬಹುದೆಂಬುದನ್ನು ಸ್ಟೋಕ್-ಆನ್-ಟ್ರೆಂಟ್ ಇತ್ತೀಚೆಗೆ ಕಂಡಿತು. 2009ರಲ್ಲಿ ವಾಟರ್‌ಫರ್ಡ್ ವೆಜ್‌ವುಡ್ ಕಂಪನಿ ದಿವಾಳಿಯಾಯಿತು. ನೌಕರರ ಪಿಂಚಣಿಯ ಬಾಕಿ ತೀರಿಸಲು, ವೆಜ್‌ವುಡ್ ಮ್ಯೂಸಿಯಂನ ಇಡೀ ಸಂಗ್ರಹವನ್ನು ಮಾರಬಹುದೆಂದು 2011ರಲ್ಲಿ ನ್ಯಾಯಾಲಯ ಹೇಳಿತು. ಎರಡೂವರೆ ಶತಮಾನದ ಮಾದರಿ ತುಂಡುಗಳು, ಅಚ್ಚುಗಳು, ಲೆಕ್ಕಪುಸ್ತಕಗಳು ಒಂದೊಂದಾಗಿ ಕೂಗಿಗೆ ಹೋಗುವ ಸ್ಥಿತಿ. 2014ರಲ್ಲಿ ಆರ್ಟ್ ಫಂಡ್ ಸಂಸ್ಥೆ 1 ಕೋಟಿ 57 ಲಕ್ಷ 50 ಸಾವಿರ ಪೌಂಡ್ ಹೊಂದಿಸಿ ಅದನ್ನು ಉಳಿಸಿತು. ಸಾರ್ವಜನಿಕರಿಂದ ಬೇಕಿದ್ದ ಕೊನೆಯ ಪಾಲು ಒಂದೇ ತಿಂಗಳಲ್ಲಿ ಕೂಡಿಬಂತು. ಸಂಗ್ರಹ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಹೆಸರಿನಲ್ಲಿದೆ, ಇರುವುದು ಮಾತ್ರ ಸ್ಟೋಕ್ ಪಕ್ಕದ ಬಾರ್ಲಾಸ್ಟನ್‌ನಲ್ಲೇ.

ತುಳುನಾಡಿನಲ್ಲಿ ಮನೆಬಳಕೆಯ ವಸ್ತುಗಳನ್ನು ಹೀಗೆ ಒಂದೆಡೆ ಕೂಡಿಸುವ ಕೆಲಸ ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ನಡೆದಿದೆ. ಇತಿಹಾಸದ ಪ್ರಾಧ್ಯಾಪಕ ತುಕಾರಾಂ ಪೂಜಾರಿ ಕಟ್ಟಿದ ಇಲ್ಲಿನ ‘ತುಳು ಬದುಕು’ ವಸ್ತುಸಂಗ್ರಹಾಲಯದಲ್ಲಿ ಮನೆಗಳ ಅಟ್ಟದಿಂದ, ಹಟ್ಟಿಯಿಂದ, ಅಡುಗೆಕೋಣೆಯಿಂದ ಬಂದ ಸಾಮಾನುಗಳಿವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವೂ ಹಳೆಯ ವಸ್ತುಗಳಿಗೆ ಹೆಸರುವಾಸಿ. ಮನೆ ಕೆಡವುವಾಗ ಸಿಕ್ಕ ವಸ್ತುವನ್ನು ಗುಜರಿಗೆ ಹಾಕುವ ಮೊದಲು ಅದರ ತಳದ ಮುದ್ರೆಯ ಫೋಟೊ ತೆಗೆದು, ಯಾರು ಎಲ್ಲಿಂದ ತಂದದ್ದೆಂದು ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದಿಡುವುದು ಒಳ್ಳೆಯದು. ಮ್ಯೂಸಿಯಂನವರೂ ಹರಾಜಿನವರೂ ಮೊದಲು ಕೇಳುವುದು ಆ ನಾಲ್ಕು ಸಾಲನ್ನೇ.